ಬಾಗಿಲಿಗೆ ನೀರು

ನಾನು ಮೂವತ್ತನಾಲ್ಕು ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಬರುವ ಸಂಗತಿಗೆ ಒಂದು ಪೀಠಿಕೆ ಬೇಕು, ಅಷ್ಟೆ. ಮಿಠಾಯಿ ಮಾಡುವವನು ಮಿಠಾಯಿ ತಿನ್ನುವುದಿಲ್ಲವಂತೆ. ಹಾಗೆಯೇ ಮೈಸೂರಿನ ನಮ್ಮ ಮನೆಯಲ್ಲಿ ಕರೆಂಟನ್ನು ಕಂಡರೆ ಒಂದು ಬಗೆಯ ಭಯಭಕ್ತಿ. ಕೋಣೆಯಿಂದ ಎದ್ದು ಹೋಗುವವರು ಸ್ವಿಚ್ಚು ಆರಿಸಿಯೇ ಹೋಗಬೇಕು; ವರಾಂಡದ ದೀಪ ಎಂಟು ಗಂಟೆಯ ಮೇಲೆ ಉರಿಯಕೂಡದು. ಮಕ್ಕಳು ಚಿಕ್ಕವರಾಗಿದ್ದಾಗ “ಅಣ್ಣ ಬಂದರು, ಫ್ಯಾನು ಆರಿಸೋ” ಎಂದು ಪಿಸುಗುಟ್ಟುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು. (ನಮ್ಮಲ್ಲಿ ತಂದೆಯನ್ನು ‘ಅಣ್ಣ’ ಎನ್ನುವುದು ವಾಡಿಕೆ.) ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಸಿದ ನಾಡಿನಲ್ಲಿ ಹುಟ್ಟಿಯೂ, ಬೇಸಗೆ ಬಂತೆಂದರೆ ಲೋಡ್ ಷೆಡ್ಡಿಂಗಿನ ವೇಳಾಪಟ್ಟಿ ಬರೆಯುತ್ತ ತಲೆ ನರೆಸಿಕೊಂಡವನಿಗೆ ಇದು ಸಹಜವೇ ಅಲ್ಲವೆ?

ಇಂಥ ನಾನು, ಪರದೇಶದಲ್ಲಿ, ಆಕಾಶವೇ ಸೂರಾಗಿರುವ ಬಯಲಿನಲ್ಲಿ, ಮೂರು ಮೆಟ್ಟಿಲುಗಳನ್ನು ಬಿಸಿಮಾಡುವುದಕ್ಕಾಗಿ ನನ್ನ ಪಿಂಚಣಿಯ ಹಣದಿಂದಲೇ ಕರೆಂಟು ಉರಿಸಿದೆನೆಂದರೆ ನನ್ನ ಹಳೆಯ ಸಹೋದ್ಯೋಗಿಗಳು ನಂಬುವುದಿಲ್ಲ. ನೀವಾದರೂ ಕೇಳಿ.

ನನ್ನ ಮಗ ರಾಘು ಹದಿನೆಂಟು ವರ್ಷಗಳಿಂದ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿದ್ದಾನೆ. 2022ರ ಜೂನ್ ತಿಂಗಳಲ್ಲಿ, ಅವನ ನಲವತ್ತಾರನೆಯ ವಯಸ್ಸಿನಲ್ಲಿ, ಹೃದಯದ ಒಂದು ರಕ್ತನಾಳದಲ್ಲಿ ತಡೆಯಿದೆಯೆಂದು ಸ್ಟೆಂಟ್ ಹಾಕಿದರು. ನಮಗೆ ಸುದ್ದಿ ತಿಳಿದದ್ದು ಎಲ್ಲ ಮುಗಿದ ಮೇಲೆ. “ನಿಮಗೆ ಗಾಬರಿಯಾಗಬಾರದು ಅಂತ ಹೇಳಲಿಲ್ಲ ಅಣ್ಣ” ಎಂದ. ಗಾಬರಿಯನ್ನು ಮಕ್ಕಳು ನಮಗೆ ಕಂತಿನಲ್ಲಿ ಕೊಡುತ್ತಾರೆ; ಆದರೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಅಕ್ಟೋಬರಿನಲ್ಲಿ ನಾನೂ ನನ್ನಾಕೆಯೂ ವಿಮಾನ ಹತ್ತಿದೆವು. ಮಗನನ್ನು ಕಣ್ಣಾರೆ ನೋಡಬೇಕಾಗಿತ್ತು. ಅಲ್ಲಿನ ಚಳಿಯನ್ನು ಯಾರು ಯೋಚಿಸಿದ್ದರು?

ನವೆಂಬರಿನಲ್ಲಿ ಹೇಳಿಕೊಳ್ಳುವಂಥ ಹಿಮ ಬಿತ್ತು. ಮೊದಲ ದಿನ ನಾವಿಬ್ಬರೂ ಮಕ್ಕಳಂತೆ ಕಿಟಕಿಗೆ ಮುಖ ಒತ್ತಿಕೊಂಡು ನಿಂತೆವು. ಮಲ್ಲಿಗೆಯ ದಳ ಉದುರಿದಂತೆ, ಅರಳಿಟ್ಟು ಚೆಲ್ಲಿದಂತೆ ಎಂದು ಉಪಮಾನಗಳನ್ನೆಲ್ಲ ಮೊದಲ ದಿನವೇ ಮುಗಿಸಿಬಿಟ್ಟೆವು. ಎರಡನೆಯ ದಿನ ತಿಳಿಯಿತು, ಹಿಮವೆಂಬುದು ನೋಟವಲ್ಲ, ಕೆಲಸ. ಆ ಊರಿನಲ್ಲಿ ಒಂದು ನಿಯಮವುಂಟು: ಹಿಮ ಬೀಳುವುದು ನಿಂತ 24 ಗಂಟೆಗಳೊಳಗೆ ಮನೆಯ ಮುಂದಿನ ಕಾಲುದಾರಿಯನ್ನು ಮನೆಯವರೇ ಚೊಕ್ಕಟಮಾಡಬೇಕು. ನಮ್ಮ ಬೀದಿಗಳಲ್ಲಿ ಮನೆಯ ಮುಂದೆ ಗುಡಿಸುವುದು ಮರ್ಯಾದೆಯ ಪ್ರಶ್ನೆ. ಅಲ್ಲಿ ಅದು ಕಾನೂನು.

ಆದರೆ ರಾಘುವಿಗೆ ವೈದ್ಯರು ಸಲಿಕೆ ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಕೊರೆಯುವ ಚಳಿಯಲ್ಲಿ ಮೈಯ ರಕ್ತನಾಳಗಳು ಸಂಕೋಚಗೊಳ್ಳುತ್ತವೆ; ಹಾಸಿಗೆಯಿಂದ ಎದ್ದುಬಂದವನು ತಟ್ಟನೆ ಭಾರ ಎತ್ತಿ ಎಸೆಯತೊಡಗಿದರೆ, ಉಸಿರು ಕಟ್ಟಿ ತೋಳಿಗೆ ಬಲ ಕೊಟ್ಟರೆ, ರಕ್ತದ ಒತ್ತಡ ಏರುತ್ತದೆ; ಹೃದಯಕ್ಕೆ ಎರಡು ಕಡೆಯಿಂದಲೂ ಪೆಟ್ಟು. ಪ್ರತಿ ಚಳಿಗಾಲದಲ್ಲಿಯೂ ಹಿಮ ಗೋರುತ್ತಲೇ ಕುಸಿದವರ ಸುದ್ದಿ ಅಲ್ಲಿ ಬರುತ್ತದೆ. ಅದಕ್ಕಾಗಿ ಸೊಸೆ ಒಬ್ಬ ಯಂತ್ರದವನನ್ನು ಗೊತ್ತುಮಾಡಿದ್ದಳು. ಅವನು ಬಂದು ಹಿಮವನ್ನು ಕಾರಂಜಿಯಂತೆ ಚಿಮ್ಮಿಸಿ ಹೋಗುತ್ತಿದ್ದ. ಮೆಟ್ಟಿಲು ಮಾತ್ರ ಯಂತ್ರಕ್ಕೆ ಸಿಕ್ಕುತ್ತಿರಲಿಲ್ಲ. ಅದನ್ನು ನಾನು ಪೊರಕೆಯಿಂದ ಗುಡಿಸುತ್ತಿದ್ದೆ.

ಡಿಸೆಂಬರಿನ ಮಧ್ಯದಲ್ಲಿ ಧನುರ್ಮಾಸ ಹಿಡಿಯಿತು. ನನ್ನಾಕೆ ಐವತ್ತು ವರ್ಷದಿಂದ ಧನುರ್ಮಾಸದಲ್ಲಿ ನಕ್ಷತ್ರ ಇರುವಾಗಲೇ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗವಲ್ಲಿ ಇಟ್ಟು, ಹುಗ್ಗಿಗೆ ಇಡುವವಳು. ಒಂದು ದಿನ ಬೆಳಗಿನ ಜಾವ ಬಾಗಿಲು ಕಿರ್ ಎಂದ ಸದ್ದಾಯಿತು. ಮುಚ್ಚಿದ ಸದ್ದೂ ಆಯಿತು. ನಾನು ಹೊದ್ದುಕೊಂಡು ಮಗ್ಗುಲಾದೆ. ಆರು ಗಂಟೆಗೆ ಎದ್ದು, ರಾತ್ರಿ ಬಿದ್ದ ಹಿಮ ಗುಡಿಸೋಣವೆಂದು ಪೊರಕೆ ಹಿಡಿದು ಹೊರಗೆ ಕಾಲಿಟ್ಟೆ. ಮುಂದಿನದು ನನಗೆ ನೆನಪಿರುವುದು ಆಕಾಶದಿಂದ. ನಕ್ಷತ್ರಗಳು ತುಂಬ ಸ್ವಚ್ಛವಾಗಿ ಕಾಣುತ್ತಿದ್ದವು.

ಅಷ್ಟು ಚಳಿಯಲ್ಲಿ ಹಾಕಿದ ಒಂದು ಚೊಂಬು ನೀರು ಕ್ಷಣದಲ್ಲಿ ಗಾಜಾಗಿತ್ತು. ಮೂಳೆ ಮುರಿಯಲಿಲ್ಲ, ದೇವರ ದಯೆ. ಸೊಂಟಕ್ಕೆ ಒಂದು ವಾರ ಬಿಸಿನೀರಿನ ಚೀಲದ ಸೇವೆ ನಡೆಯಿತು. ನನ್ನಾಕೆ ಅಳುತ್ತ ಕುಳಿತಳು. “ಬಾಗಿಲು ಒಣಗಿಕೊಂಡಿದ್ದರೆ ಮನಸ್ಸಿಗೆ ಸಮಾಧಾನ ಆಗಲಿಲ್ಲ ಅಂದರೆ. ಮಗುವಿಗೆ ಹುಷಾರಿಲ್ಲದ ಮನೆ. ಒಂದೇ ಚೊಂಬು ಹಾಕಿದೆ” ಎಂದಳು. ಆ ಮಗುವಿಗೆ ನಲವತ್ತಾರು ವರ್ಷ. ನಾನು ಏನು ಹೇಳಲಿ?

ರಾಘು ಆ ಗಾಜಿನ ಮೇಲೆ ಉಪ್ಪು ಎರಚಿದ. ಅದರಿಂದೇನೂ ಆಗಲಿಲ್ಲ. ಸಾಧಾರಣ ಉಪ್ಪು ಮೈನಸ್ 9 ಡಿಗ್ರಿಯ ಹತ್ತಿರಕ್ಕೆ ಬಂದಾಗಲೇ ಸೋತುಹೋಗುತ್ತದೆ. ಆ ವಾರದ ಚಳಿ ಮೈನಸ್ 20ರ ಆಚೆಗಿತ್ತು. ಮೇಲಾಗಿ ಉಪ್ಪು ಕಾಂಕ್ರೀಟನ್ನು ತಿನ್ನುತ್ತದೆ, ಹುಲ್ಲನ್ನು ಸುಡುತ್ತದೆ, ಕೊನೆಗೆ ಕೆರೆ ಸೇರುತ್ತದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಎಂದರೆ ಸುಮಾರು ಹತ್ತೊಂಬತ್ತು ಲೀಟರು ನೀರನ್ನು ಕೆಡಿಸುತ್ತದೆಯೆಂದು ಆ ರಾಜ್ಯದ ಮಾಲಿನ್ಯ ನಿಯಂತ್ರಣದವರು ಜನಕ್ಕೆ ಹೇಳುತ್ತಿರುತ್ತಾರೆ. ಮರಳು ಚೆಲ್ಲಿ ಹೇಗೋ ನಿಭಾಯಿಸಿದೆವು.

ಆ ರಾತ್ರಿ ಊಟಕ್ಕೆ ಕುಳಿತಾಗ ರಾಘು ವಿಷಯ ತೆಗೆದ. “ಅಣ್ಣ, ಕರೆಂಟಿನ ಚಾಪೆ ಬರುತ್ತದೆ. ಮೆಟ್ಟಿಲ ಮೇಲೆ ಹಾಸಿದರೆ ಹಿಮ ಬಿದ್ದಹಾಗೇ ಕರಗಿಹೋಗುತ್ತದೆ. ನೆಲದೊಳಗೇ ಹುದುಗಿಸುವಂಥದೂ ಉಂಟು.”

ನೆಲದೊಳಗೆ ಹುದುಗಿಸುವುದೆಂದರೆ, ಬಲೆಯಂಥ ಹಂದರದ ಮೇಲೆ ಬಿಸಿಯಾಗುವ ತಂತಿಯನ್ನು ಹಾವಿನಂತೆ ಬಳುಕಿಸಿ ಕಟ್ಟಿರುತ್ತಾರೆ. ಅದನ್ನು ಕಾಂಕ್ರೀಟಿನೊಳಗೋ ಹಾಸುಗಲ್ಲಿನ ಕೆಳಗೋ ಮಲಗಿಸುತ್ತಾರೆ. ಚಳಿ, ತೇವ ಎರಡನ್ನೂ ಅರಿಯುವ ಒಂದು ಸಾಧನವನ್ನು ಜೊತೆಗೆ ಹೂಳುತ್ತಾರೆ. ಒಣ ಚಳಿಗೆ ಅದು ಏಳುವುದಿಲ್ಲ, ಬೆಚ್ಚನೆಯ ಮಳೆಗೂ ಏಳುವುದಿಲ್ಲ. ಎರಡೂ ಕೂಡಿದಾಗ ಮಾತ್ರ ತಾನೇ ಕರೆಂಟು ಹಾಕಿಕೊಳ್ಳುತ್ತದೆ. ಕೇಳಲು ಚೆನ್ನಾಗಿತ್ತು. ಆದರೆ ನನ್ನೊಳಗಿನ ಇಲಾಖೆಯವನು ಎಚ್ಚೆತ್ತ. ಪೆನ್ಸಿಲು ತೆಗೆದೆ.

“ಚದರಡಿಗೆ ಎಷ್ಟು ವಾಟ್?”

“ನಲವತ್ತರಿಂದ ಐವತ್ತು.”

“ನಿನ್ನ ಕಾರಿನ ದಾರಿ ಆರುನೂರು ಚದರಡಿ. ಮೂವತ್ತು ಸಾವಿರ ವಾಟ್ ಆಯಿತು. ನಮ್ಮ ಕಡೆ ಅಷ್ಟರಲ್ಲಿ ಒಂದು ಅಕ್ಕಿ ಗಿರಣಿ ನಡೆಯುತ್ತದೆ!”

ಅಷ್ಟಕ್ಕೇ ಬಿಡಲಿಲ್ಲ. ಒಂದು ಕಿಲೋ ಹಿಮವನ್ನು ನೀರು ಮಾಡಲು ಬೇಕಾಗುವ ಶಾಖ, ಅದೇ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸುವಷ್ಟು. ಇಷ್ಟು ಶಾಖವನ್ನು ನುಂಗಿಯೂ ಹಿಮದ ಉಷ್ಣತೆ ಒಂದು ಡಿಗ್ರಿಯೂ ಏರುವುದಿಲ್ಲ, ಕರಗುತ್ತದೆ, ಅಷ್ಟೆ. ಗುಪ್ತೋಷ್ಣವೆಂದು ಇಂಟರ್‌ಮೀಡಿಯೆಟ್ಟಿನಲ್ಲಿ ನಾವು ಓದಿದ್ದು ಇದನ್ನೇ. ಆ ದಾರಿಯ ಮೇಲೆ ಒಂದು ಅಡಿ ಹಗುರ ಹಿಮ ಬಿದ್ದರೂ ಅದರ ತೂಕ ಒಂದೂವರೆ ಟನ್ನಿಗೆ ಮಿಗಿಲು. ಕರಗಿಸಲು ನೂರೈವತ್ತು ಯೂನಿಟ್ಟು. ಗಾಳಿಗೂ ನೆಲಕ್ಕೂ ಕಳೆದುಹೋಗುವುದನ್ನು ಸೇರಿಸಿದರೆ ಇನ್ನೂ ಎಷ್ಟೋ. ಮೈಸೂರಿನ ನಮ್ಮ ಮನೆಗೆ ಎರಡು ತಿಂಗಳಿಗೆ ಸಾಕಾಗುವ ಕರೆಂಟು ಒಂದು ರಾತ್ರಿಯಲ್ಲಿ ಮೋರಿ ಸೇರಿತು!

ರಾಘುವೂ ಸುಮ್ಮನಿರಲಿಲ್ಲ. ಮಿಷಿಗನ್ ರಾಜ್ಯದ ಹಾಲಂಡ್ ಎಂಬ ಊರಿನಲ್ಲಿ 1988ರಿಂದ ಪೇಟೆಬೀದಿಯ ಕೆಳಗೆ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಹಿಮ ಕರಗಿಸುತ್ತಾರೆಂದ. ಐಸ್‌ಲೆಂಡಿನ ರೇಕ್ಯಾವಿಕ್ ಪಟ್ಟಣದಲ್ಲಿ ಭೂಗರ್ಭದ ಬಿಸಿನೀರು ಮನೆಗಳನ್ನು ಕಾಯಿಸಿದ ಮೇಲೆ ಕಾಲುದಾರಿಗಳ ಕೆಳಗೆ ಹರಿಯುತ್ತದೆಯೆಂದ. ನಾನು ಒಪ್ಪುವವನೇ? “ಹಾಲಂಡಿನದು ವಿದ್ಯುತ್ ಸ್ಥಾವರ ಹೊರಕ್ಕೆ ಬಿಡುವ ಬಿಸಿ. ಐಸ್‌ಲೆಂಡಿನದು ಬಳಸಿ ಉಳಿದ ಬಿಸಿ. ಎರಡೂ ಸ್ನಾನ ಮಾಡಿದ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟ ಹಾಗೆ. ನಿನ್ನದು ಕಾಸು ಕೊಟ್ಟು ಕೊಂಡ ಕರೆಂಟು. ಬೀದಿಗೆ ಒಲೆ ಹಚ್ಚುವುದು ಬೇಡಪ್ಪ” ಎಂದೆ.

“ಹಾಗಾದರೆ ಮೆಟ್ಟಿಲಿಗೂ ಬೀದಿಯವರೆಗಿನ ದಾರಿಗೂ ಮಾತ್ರ ರಬ್ಬರು ಚಾಪೆ ಹಾಸೋಣ. ಅದು ಸಣ್ಣದು.”

“ನಾನಿದ್ದೇನೆ, ಪೊರಕೆಯಿದೆ. ಇನ್ನೊಂದು ಯಾಕೆ?”

ಅವನು ನಕ್ಕು ಸುಮ್ಮನಾದ. ಲೆಕ್ಕದಲ್ಲಿ ಗೆದ್ದೆನೆಂದು ನಾನು ಎರಡು ತುತ್ತು ಹೆಚ್ಚಾಗಿಯೇ ಉಂಡೆ.

2023ರ ಜನವರಿ 3ರಂದು ಮತ್ತೆ ಹಿಮ ಹಿಡಿಯಿತು. ಮೂರು ದಿನದಲ್ಲಿ ಹದಿನೈದು ಅಂಗುಲ ಸುರಿಸಿದ ಹಿಮ ಅದು. ಊರೆಲ್ಲ ಒಂದೇ ಸಲ ಹುಗಿದುಹೋದ್ದರಿಂದ ಯಂತ್ರದವನು ಬರಲಿಲ್ಲ. ಸೊಸೆಗೆ ಬೆಳಗ್ಗೆ ಆರರ ಬಸ್ಸು; ಅವಳು ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕರ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಯಾರೂ ಏಳುವ ಮೊದಲೇ ಬೀದಿಯವರೆಗೆ ಒಂದು ಕಾಲುಹಾದಿ ಮಾಡಿಬಿಡೋಣ, ಇಲ್ಲವಾದರೆ ಆ ಹುಡುಗ ಸಲಿಕೆ ಹಿಡಿದಾನು ಎಂದುಕೊಂಡು, ಕಳ್ಳನ ಹಾಗೆ ಬೂಟು ಕೈಯಲ್ಲಿ ಹಿಡಿದು ಕೆಳಗಿಳಿದು ಬಂದು, ಬಾಗಿಲು ತೆರೆದೆ.

ಮೆಟ್ಟಿಲ ಮೇಲೆ ರಾಘು ಕುಳಿತಿದ್ದ. ತೊಡೆಯ ಮೇಲೆ ಸಲಿಕೆ. ಬೀದಿದೀಪದ ಬೆಳಕಿನಲ್ಲಿ ಹಾದಿ ಅರ್ಧದವರೆಗೆ ತೆರೆದುಕೊಂಡು ಅಲ್ಲಿಗೇ ನಿಂತಿತ್ತು. ಟೋಪಿಯ ಮೇಲೂ ಭುಜದ ಮೇಲೂ ಹಿಮ ಕೂತಿತ್ತು. ಬಲಗೈ ಎದೆಯ ಮೇಲಿತ್ತು.

“ಏನೋ ಇದು?”

“ಏನಿಲ್ಲ ಅಣ್ಣ. ಸುಸ್ತು. ನೀವು ಎದ್ದುಬಿಡುತ್ತೀರಿ, ಸೊಂಟ ಇನ್ನೂ ವಾಸಿಯಾಗಿಲ್ಲ ಅಂತ...” ಎಂದು ಮಾತು ಅರ್ಧಕ್ಕೆ ನಿಲ್ಲಿಸಿದ.

ನನ್ನಿಂದ ಅವನನ್ನು, ಅವನಿಂದ ನನ್ನನ್ನು ಕಾಪಾಡಲು ಇಬ್ಬರೂ ಕದ್ದು ಎದ್ದು ಬಂದಿದ್ದೆವು. ಅವನು ಅರ್ಧ ಗಂಟೆ ಮೊದಲು ಬಂದಿದ್ದ, ಅಷ್ಟೇ ವ್ಯತ್ಯಾಸ.

ಸೊಸೆಯನ್ನು ಕೂಗಿದೆ. ಅವಳು ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬರುವುದರೊಳಗೆ ಉಳಿದ ಅರ್ಧ ಹಾದಿ ಆಗಬೇಕಲ್ಲ! ಸ್ಟ್ರೆಚರು ಹಿಮದಲ್ಲಿ ಬರುವುದು ಹೇಗೆ? ಸಲಿಕೆ ತೆಗೆದುಕೊಂಡೆ. ನನಗೆ ಎಪ್ಪತ್ತೈದು ವರ್ಷ, ಸೊಂಟ ನೋಯುತ್ತದೆ ಎಂಬುದು ಆಗ ನೆನಪಿಗೆ ಬರಲಿಲ್ಲ. ನಾಲ್ಕು ಸಲಿಕೆ ಎತ್ತುವುದರಲ್ಲಿ ಎದುರುಮನೆಯಾತ ತನ್ನ ಸಲಿಕೆಯೊಂದಿಗೆ ಓಡಿಬಂದ. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬೀದಿಯ ಕಡೆಯಿಂದ ಗೋರುತ್ತ ಬಂದ, ನಾನು ಮನೆಯ ಕಡೆಯಿಂದ. ನಡುವೆ ನಮ್ಮ ಸಲಿಕೆಗಳು ಕೂಡುವ ಹೊತ್ತಿಗೆ ಕೆಂಪು ದೀಪ ತಿರುವಿನಲ್ಲಿ ಕಂಡಿತು. ರಾಘುವಿನ ಜೊತೆ ಸೊಸೆ ಹತ್ತಿದಳು. ನನ್ನನ್ನು ಆ ಎದುರುಮನೆಯಾತ ತನ್ನ ಟ್ರಕ್ಕಿನಲ್ಲಿ ಕೂಡಿಸಿಕೊಂಡು ಹಿಂದೆಯೇ ಹೊರಟ. ನನ್ನಾಕೆ ದೇವರ ಮುಂದೆ ಕುಳಿತಳು.

ಆಸ್ಪತ್ರೆಯಲ್ಲಿ ಕಾಯುವುದು ಎಲ್ಲ ದೇಶಗಳಲ್ಲಿಯೂ ಒಂದೇ. ಗಡಿಯಾರ ನೋಡುತ್ತೇವೆ, ಬಾಗಿಲು ನೋಡುತ್ತೇವೆ, ಮತ್ತೆ ಗಡಿಯಾರ ನೋಡುತ್ತೇವೆ. ಒಂದೊಂದು ಸಲವೂ ನನ್ನ ಕಣ್ಣಿನ ಮುಂದೆ ಬರುತ್ತಿದ್ದುದು ಆ ಪೆನ್ಸಿಲು, ಆ ಕಾಗದ, ಆ ನೂರೈವತ್ತು ಯೂನಿಟ್ಟಿನ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಒಂದು ಬಾಬತ್ತು ಬಿಟ್ಟುಹೋಗಿತ್ತು. ಹಿಮ ಕರಗಿಸದಿದ್ದರೆ ಅದನ್ನು ಯಾರಾದರೂ ಎತ್ತಲೇಬೇಕು. ಎತ್ತುವವನು ಯಾರು ಎಂಬುದನ್ನು ನಾನು ಬರೆದುಕೊಂಡಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ವೈದ್ಯರು ಬಂದು, ಹೃದಯಕ್ಕೆ ಹೊಸ ತೊಂದರೆ ಏನಿಲ್ಲ, ಎದೆಯ ಸ್ನಾಯು ಹಿಡಿದುಕೊಂಡಿದೆ, ಆದರೂ ಒಂದು ದಿನ ಇಲ್ಲಿಯೇ ಇರಲಿ ಎಂದರು. ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ನಾನು ಗಾಳಿ ಬೇಕೆನಿಸಿ ಹೊರಬಾಗಿಲಿಗೆ ಬಂದೆ.

ಆಗ ನೋಡಿದೆ. ಸುತ್ತ ಎಲ್ಲೆಡೆ ಆಳೆತ್ತರ ಹಿಮದ ರಾಶಿ, ಇನ್ನೂ ಸುರಿಯುತ್ತಿದೆ. ಆದರೆ ಆಂಬುಲೆನ್ಸು ನಿಲ್ಲುವ ಕಡೆಯಿಂದ ಆಸ್ಪತ್ರೆಯ ಬಾಗಿಲವರೆಗೆ ನೆಲ ಕಪ್ಪಗೆ, ಒದ್ದೆಯಾಗಿ, ತೆಳ್ಳಗೆ ಹಬೆಯಾಡುತ್ತಿದೆ. ಹಿಮದ ಹಳುಕುಗಳು ಇಳಿದು, ನೆಲ ಮುಟ್ಟಿ, ಇಲ್ಲವಾಗುತ್ತಿವೆ. ಒಬ್ಬ ಮುದುಕಿ ಮಗಳ ತೋಳು ಹಿಡಿದು ನಿರಾತಂಕವಾಗಿ ನಡೆದುಬಂದಳು. ಬೆಳಗ್ಗೆ ನಾನೂ ಅದೇ ನೆಲದ ಮೇಲೆ ಓಡಿಬಂದಿದ್ದೆ; ಕಾಲು ಜಾರಲಿಲ್ಲ, ಜಾರಲಿಲ್ಲವೆಂಬುದೂ ಗೊತ್ತಾಗಲಿಲ್ಲ. ಕಾವಲಿನವನನ್ನು ಕೇಳಿದೆ. “ಕೆಳಗೆ ಬಿಸಿ ಇದೆ ಸಾರ್, ಚಳಿಗಾಲವೆಲ್ಲ ಇರುತ್ತದೆ” ಎಂದ. ಮೂವತ್ತನಾಲ್ಕು ವರ್ಷದ ಅಭ್ಯಾಸಬಲ. ಎಷ್ಟು ಕಿಲೋವಾಟ್ ಎಂದು ನಾಲಿಗೆಯ ತುದಿಗೆ ಬಂತು. ಕೇಳಲಿಲ್ಲ.

ಆ ಸಂಜೆಯೇ ಸೊಸೆಯ ಕೈಯಿಂದ ಚಾಪೆಗಳನ್ನು ತರಿಸಲು ಹೇಳಿದೆ. ಹಣ ನನ್ನದೇ ಎಂದು ಹಟ ಹಿಡಿದೆ. ಮೆಟ್ಟಿಲಿಗೆ ಮೂರು ಕಿರಿದು, ದಾರಿಗೆ ಎರಡು ಉದ್ದದವು. ಕಪ್ಪು ರಬ್ಬರಿನ ಎರಡು ಪದರ, ನಡುವೆ ಬಿಸಿಯಾಗುವ ತಂತಿ, ಮೇಲೆ ಜಾರದಿರಲೆಂದು ಉಬ್ಬುಗೆರೆ. ಒಂದರ ಬಾಲವನ್ನು ಇನ್ನೊಂದಕ್ಕೆ ನೀರು ಹೋಗದಂತೆ ತಿರುಗಿಸಿ ಜೋಡಿಸಬಹುದು. ಕರೆಂಟು ತುಸು ಸೋರಿದರೂ ತಟ್ಟನೆ ಕಡಿದುಬಿಡುವ ಸಾಧನ ಹೊರಗೋಡೆಯ ಪ್ಲಗ್ಗಿನಲ್ಲಿತ್ತು. ಅದನ್ನು ನಾನು ಎರಡು ಸಲ ಪರೀಕ್ಷಿಸಿದ ಮೇಲೆಯೇ ಚಾಪೆ ಹಾಸಲು ಬಿಟ್ಟೆ. ಎಲ್ಲ ಸೇರಿ ಸುಮಾರು ಸಾವಿರ ವಾಟ್, ಒಂದು ಇಸ್ತ್ರಿ ಪೆಟ್ಟಿಗೆಯಷ್ಟು. ರಾಘು ಕೇಳಿದ್ದು ಇಷ್ಟನ್ನೇ. ಗಿರಣಿಯ ಲೆಕ್ಕ ತೋರಿಸಿ ನಾನು ಇಸ್ತ್ರಿ ಪೆಟ್ಟಿಗೆಯನ್ನು ತಪ್ಪಿಸಿದ್ದೆ.

ಸಂಕ್ರಾಂತಿ ಕಳೆದ ಮೂರು ನಾಲ್ಕು ದಿನಕ್ಕೆ ಮತ್ತೆ ಹಿಮ ಬಿತ್ತು. ಈ ಚಾಪೆಗೆ ಒಂದು ಗುಣವುಂಟು: ಹಿಮ ಬೀಳುವ ಮೊದಲೇ ಹಚ್ಚಿರಬೇಕು. ಒಂದು ಅಡಿ ಕೂತ ಮೇಲೆ ಹಚ್ಚಿದರೆ ಅದು ಕೆಳಗೆ ಗುಹೆ ಕೊರೆಯುತ್ತ ಒದ್ದಾಡುತ್ತದೆ. ಮೊದಲೇ ಬೆಚ್ಚಗಿದ್ದರೆ ಬಂದ ಹಳುಕನ್ನು ಬಂದ ಹಾಗೆ ಕಳುಹಿಸುತ್ತದೆ. ಇನ್ನೊಂದು ತೊಡಕನ್ನು ನಾನೇ ಕಂಡುಹಿಡಿದೆ. ಕರಗಿದ ನೀರು ಚಾಪೆಯ ಅಂಚು ದಾಟಿದ ಕೂಡಲೇ ಮತ್ತೆ ಗಡ್ಡೆಕಟ್ಟುತ್ತದೆ. ಕರಗಿಸಿದರಾಯಿತೆ, ನೀರಿಗೊಂದು ದಾರಿಯನ್ನೂ ತೋರಿಸಬೇಕು. ಚಾಪೆಯನ್ನು ಹುಲ್ಲಿನ ಇಳಿಜಾರಿನ ಕಡೆಗೆ ಸರಿಸಿ, ಅಂಚಿಗೆ ಮರಳು ಹಾಕಿದೆವು. ಹದಿನಾಲ್ಕು ಗಂಟೆ ಉರಿಯಿತು. ಹದಿನಾಲ್ಕು ಯೂನಿಟ್ಟು, ಹೆಚ್ಚುಕಡಮೆ ಎರಡು ಡಾಲರು. ರಾಘು ಒಳಗೆ ಕುಳಿತು ಕಾಫಿ ಕುಡಿದ. ಕಾರಿನ ದಾರಿ ಹಿಮದಲ್ಲಿಯೇ ಇತ್ತು. ಇರಲಿ, ಯಂತ್ರದವನು ಬಂದಾಗ ಬರಲಿ. ಮನೆಯಿಂದ ಬೀದಿಗೆ, ಬೀದಿಯಿಂದ ಮನೆಗೆ ಮನುಷ್ಯರು ಹೋಗಿಬರುವಷ್ಟು ತೆರವಿತ್ತು.

ಮರುದಿನ ನಸುಕಿನಲ್ಲಿ ನನ್ನಾಕೆ ಬಾಗಿಲು ತೆರೆದು ನಿಂತಿದ್ದಳು. ಈಗ ಏನು ಸುರಿಯುತ್ತಾಳೋ ಎಂದು ನಾನು ಎದ್ದು ಓಡಿದೆ. ಅವಳ ಕೈಯಲ್ಲಿ ಚೊಂಬಿರಲಿಲ್ಲ. ಬಿಳಿಯ ಬೀದಿಯ ನಡುವೆ ನಮ್ಮ ಮೂರು ಮೆಟ್ಟಿಲು ಮಾತ್ರ ಕಪ್ಪಗೆ ಒದ್ದೆಯಾಗಿ ಹೊಳೆಯುತ್ತಿದ್ದವು.

“ನೋಡಿ ಅಂದರೆ, ಈಗ ತಾನೇ ಬಾಗಿಲಿಗೆ ನೀರು ಹಾಕಿದ ಹಾಗಿದೆ” ಎಂದಳು.

ಆ ಚಳಿಗಾಲದಲ್ಲಿ ಆ ಊರಿಗೆ ಬಿದ್ದ ಹಿಮ ಒಟ್ಟು ತೊಂಬತ್ತು ಅಂಗುಲ. ದಾಖಲೆಯಲ್ಲಿ ಮೂರನೆಯ ಸ್ಥಾನವಂತೆ. ಏಪ್ರಿಲಿನಲ್ಲಿ ನಾವು ಮೈಸೂರಿಗೆ ಹಿಂತಿರುಗಿದೆವು. ವರಾಂಡದ ದೀಪ ಈಗಲೂ ಎಂಟಕ್ಕೇ ಆರುತ್ತದೆ. ಅದರಲ್ಲಿ ನಾನೇನೂ ಬದಲಾಗಿಲ್ಲ. ಆದರೆ ಚಳಿಗಾಲ ಬಂದರೆ ದಿನವೂ ಪತ್ರಿಕೆಗಿಂತ ಮೊದಲು ಆ ಊರಿನ ಹವಾಮಾನ ನೋಡುತ್ತೇನೆ. ಹಿಮ ಬೀಳುವ ಸೂಚನೆಯಿದ್ದರೆ ಫೋನು ಮಾಡುತ್ತೇನೆ. ಆ ಸ್ವಿಚ್ಚಿಗೆ ಈಗ ನಮ್ಮ ಮನೆಯಲ್ಲಿ ಬೇರೆಯೇ ಹೆಸರು ನಿಂತುಹೋಗಿದೆ.

“ಏನೋ, ಬಾಗಿಲಿಗೆ ನೀರು ಹಾಕಿದೆಯಾ?” ಎನ್ನುತ್ತೇನೆ.

“ಹಾಕಿದೆ ಅಣ್ಣ, ನೀವು ಮಲಗಿ” ಎನ್ನುತ್ತಾನೆ.